ಜಗಲಿಯ ಕತ್ತಿ, ಮಾಟುಂಗದ ಬ್ಲೇಡು

ನಮ್ಮೂರಲ್ಲಿ ಕ್ಷೌರ ಜಗಲಿಗೇ ಬರುತ್ತಿತ್ತು. ಕೂಲಿ ಸುಗ್ಗಿಯಲ್ಲಿ, ಭತ್ತದ ಲೆಕ್ಕ. ಆ ಕತ್ತಿಯನ್ನು ಸ್ವಂತ ಗಲ್ಲದ ಮೇಲೆ ಆಡಿಸುವ ಧೈರ್ಯ ಯಾರಿಗಿತ್ತು? 1904ರಲ್ಲಿ ಅಮೆರಿಕದ ಜಿಲೆಟ್ ಪೇಟೆಂಟ್ ಪಡೆದ, ಬ್ಲೇಡು ಬದಲಿಸುವ ರೇಜರು ಆ ಭಯ ತಗ್ಗಿಸಿತು. ನನಗದು ಸಿಕ್ಕಿದ್ದು ಮಾಟುಂಗದ ಬಾಡಿಗೆ ಕೋಣೆಯಲ್ಲಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೊರಟ ಸಂಜೆ, ಜೊತೆಗಿದ್ದ ಹಿರಿಯರು ಟೋಪಾಜ್ ಬ್ಲೇಡು ಬಿಚ್ಚಿದರು.

"ಅವಸರ ಬೇಡ ಮಾರಾಯ. ಮೊದಲು ಬಿಸಿನೀರು. ಬ್ರಶ್ಶು ಸುತ್ತಿಸಿ ನೊರೆ ಎಬ್ಬಿಸು. ಕೂದಲು ಬೆಳೆದ ದಿಕ್ಕಿಗೇ ಎಳಿ. ಒತ್ತಬೇಡ, ರೇಜರಿನ ಭಾರವೇ ಸಾಕು."

ಒತ್ತಿದೆ. ಪಟಿಕ ಉರಿಯಿತು.

ರಜೆಗೆ ಊರಿಗೆ ಹೋದಾಗ ಕ್ಷೌರದಜ್ಜ ನನ್ನ ಗಲ್ಲ ಸವರಿ, "ಯಾರು ಮಾಡಿದ್ದು?" ಎಂದರು. "ನಾನೇ" ಅನ್ನಲು ನಾಲಿಗೆ ಏಳಲಿಲ್ಲ. ಅಮ್ಮ ಆ ವರ್ಷವೂ ಅವರಿಗೆ ಭತ್ತ ಅಳೆದುಕೊಟ್ಟಳು.