ಅಕ್ಕನ ಬೆಟ್ಟ

ನಾನು ಕಬ್ಬಿಣದ ಊರಿನವಳು. ಭದ್ರಾವತಿಯ ಕಾರ್ಖಾನೆಯ ಸೈರನ್ ಕೇಳಿಯೇ ನಮ್ಮಮ್ಮ ಒಲೆ ಹಚ್ಚುತ್ತಿದ್ದದ್ದು. 1983ರಲ್ಲಿ ಅಕ್ಕನನ್ನು ಕುದುರೆಮುಖದ ಗಣಿಯಲ್ಲಿ ಕೆಲಸದಲ್ಲಿದ್ದವರಿಗೆ ಕೊಟ್ಟಾಗ, 'ಅಲ್ಲೂ ಕಬ್ಬಿಣವೇ, ಅನ್ನಕ್ಕೆ ತೊಂದರೆಯಿಲ್ಲ' ಎಂದು ಅಪ್ಪ ಸಮಾಧಾನಪಟ್ಟಿದ್ದರು.

1988ರ ಬೇಸಿಗೆ ರಜೆಯಲ್ಲಿ ಮೊದಲ ಸಲ ಅಲ್ಲಿಗೆ ಹೋದೆ. 'ಏನಕ್ಕಾ, ಕಾಡು ಕಾಡು ಅಂತಿದ್ದೆ, ಇದು ಬೋಳುಗುಡ್ಡ!' ಎಂದು ನಕ್ಕೆ. ಗುಡ್ಡದ ಮೇಲೆಲ್ಲ ಹುಲ್ಲು. ಮರಗಳು ಕಣಿವೆಗಳ ಮಡಿಲಲ್ಲಿ ಒತ್ತಾಗಿ ಕೂತಿದ್ದವು. ಇನ್ನೂ ಕೆಳಗೆ ಸಿಂಗಳೀಕಗಳ ದಟ್ಟ ಕಾಡು. ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯದು. ಆ ಹುಲ್ಲುಗುಡ್ಡ, ಆ ಶೋಲಾ ಕಾಡು ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ತವರು ಅದೇ ಬೆಟ್ಟಸಾಲು. ಇದೆಲ್ಲ ನನಗೆ ತಿಳಿದದ್ದು ಪಾಠ ಹೇಳಲು ನಿಂತ ಮೇಲೆ.

ಅಲ್ಲಿನ ಅದಿರನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದು 1913ರಲ್ಲಿ. ಗಣಿ ಕಂಪನಿ ಹುಟ್ಟಿದ್ದು 1976ರಲ್ಲಿ. ಹಣ ಕೊಡುತ್ತೇನೆಂದಿದ್ದ ಇರಾನ್ ತನ್ನಲ್ಲಿ ಕ್ರಾಂತಿಯಾದ ಮೇಲೆ ಹಿಂದೆ ಸರಿಯಿತು. ಇಲ್ಲಿ ಕೆಲಸ ನಿಲ್ಲಲಿಲ್ಲ. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಒಂದೇ ಬೆಟ್ಟದಲ್ಲಿ ಅಗೆಯುವವರೂ ಇದ್ದರು, ಕಾಯುವವರೂ ಇದ್ದರು. ಗಣಿಯ ಹೂಳು ಭದ್ರೆಗೆ ಸೇರುತ್ತದೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. 2002ರಲ್ಲಿ ಆದೇಶವಾಗಿ, 2005ರ ಕೊನೆಗೆ ಗಣಿ ನಿಂತಿತು.

ಭದ್ರೆಯ ನೀರು ಕುಡಿದು ಬೆಳೆದವಳು ನಾನು. ಸಂತೋಷ ತಡೆಯಲಾರದೆ ಅಕ್ಕನಿಗೇ ಫೋನು ಮಾಡಿದೆ. 'ಹೊಳೆ ಉಳೀತು ಕಣೇ, ಒಳ್ಳೇದೇ. ನಾವು ಇಲ್ಲಿ ಪಾತ್ರೆ ಕಟ್ತಾ ಇದೀವಿ. ನಿನಗೇನು, ಸರ್ಕಾರಿ ಸಂಬಳ' ಎಂದು ಫೋನಿಟ್ಟಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನೆ, ಮಕ್ಕಳು ಓದಿದ ಶಾಲೆ, ಹಿತ್ತಲ ಕರಿಬೇವು ಬಿಟ್ಟು ಹೊರಟವಳ ಮುಂದೆ ನಾನು ಜಯಘೋಷ ಮಾಡಿದ್ದೆ! ಎರಡು ವರ್ಷ ನಮ್ಮಿಬ್ಬರಲ್ಲಿ ಸರಿಯಾಗಿ ಮಾತಿರಲಿಲ್ಲ.

ಬೆಟ್ಟ ಉಳಿಯಬೇಕಿತ್ತು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. 2012ರಲ್ಲಿ ಪಶ್ಚಿಮಘಟ್ಟ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಸೇರಿತು. ಆದರೆ ಅದನ್ನು ಉಳಿಸಲು ನಾನು ಕಳೆದುಕೊಂಡದ್ದೇನೂ ಇಲ್ಲ, ಕಳೆದುಕೊಂಡವಳು ಅಕ್ಕ. ಈಗ ತರಗತಿಯಲ್ಲಿ ಬೋರ್ಡಿನ ಮೇಲೆ 2005 ಎಂದು ಬರೆದಾಗ, ಮಕ್ಕಳಿಗೆ ಹೊಳೆಯ ಕಥೆಯ ಜೊತೆಗೆ ಆ ಕರಿಬೇವಿನ ಗಿಡದ ಕಥೆಯನ್ನೂ ಹೇಳುತ್ತೇನೆ.