ಚಾಕರಿ

‘ಮಾವನ ಚಾಕ್ರಿ ಪೂರಾ ಅವಳೇ ಮಾಡಿದ್ದು.’ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಷ್ಟು ಹೇಳಿದರೆ ಸ್ನಾನ ಮಾಡಿಸಿದ್ದು, ಗಂಜಿ ಕುಡಿಸಿದ್ದು, ನಡುರಾತ್ರಿ ಎದ್ದು ಮಗ್ಗುಲು ಹೊರಳಿಸಿದ್ದು ಎಲ್ಲವೂ ಬಂತು. ವಯಸ್ಸಾದವರು ದೇವರ ಮುಂದೆ ಕೇಳಿಕೊಳ್ಳುವುದೂ ಅದನ್ನೇ: ‘ಯಾರ ಹತ್ರನೂ ಚಾಕ್ರಿ ಮಾಡಿಸ್ಕಳ್ದೇ ಹೋಗವು.’

ಪಾರಸಿಯಿಂದ ಬಂದ ಶಬ್ದ; ಚಾಕರ ಎಂದರೆ ಆಳು. (ಸೊಸೆಯರ ಬಾಯಲ್ಲೇ ಇದು ಹೆಚ್ಚು ಕೇಳಿಬರುವುದೇಕೆಂದು ಬಿಡಿಸಿ ಹೇಳಬೇಕೆ?) ಮುಂಬಯಿಗೆ ದುಡಿಯಲು ಹೋದ ಕೊಂಕಣದವರನ್ನು ಮರಾಠಿಯಲ್ಲಿ ಚಾಕರಮಾನಿ ಎನ್ನುತ್ತಾರೆ. ನಮ್ಮ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಕೂಡ ಅಲ್ಲಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. 1973ರ ನವೆಂಬರಿನಲ್ಲಿ ಅಲ್ಲೇ ನಡೆದ ಅಮಾನುಷ ದಾಳಿಯ ನಂತರ ಅವರು ಚೇತರಿಸಿಕೊಳ್ಳಲೇ ಇಲ್ಲ. 2015ರ ಮೇ ತನಕ ನರ್ಸುಗಳೇ, ತಲೆಮಾರು ಬದಲಾದರೂ, ನೋಡಿಕೊಂಡರು. ಸಂಬಳದ ಚಾಕರಿ, ನಮ್ಮೂರಿನ ಚಾಕರಿ ಎರಡೂ ಒಂದೇ ವಾರ್ಡಿನಲ್ಲಿ ಕೂಡಿಕೊಂಡವು. ಪತ್ರಕರ್ತೆ ಪಿಂಕಿ ವಿರಾನಿ ಅರುಣಾಗೆ ದಯಾಮರಣ ಕೇಳಿದಾಗ ಬೇಡ ಎಂದವರೂ ಆ ನರ್ಸುಗಳೇ. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತಿಗೆ ಬೆಲೆ ಕೊಟ್ಟಿತು. ಜೊತೆಗೆ, ಬೇರೆಯವರಿಗಾಗಿ, ಕದವನ್ನು ಸ್ವಲ್ಪ ತೆರೆದಿಟ್ಟಿತು.

ಆ ಕದ 2018, 2023ರಲ್ಲಿ ಇನ್ನಷ್ಟು ಸರಿದು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರದ ಆದೇಶವಾಯಿತು: ಗುಣವಾಗುವ ಆಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು, ವೈದ್ಯರ ಎರಡು ಮಂಡಳಿ ಒಪ್ಪಿದರೆ, ನಿಲ್ಲಿಸಬಹುದು. ಒಳ್ಳೆಯದೇ. ಆದರೆ ನಡುಮನೆಯ ಮಂಚದಲ್ಲಿರುವ ಅಜ್ಜನಿಗೆ ವೆಂಟಿಲೇಟರ್ ಎಲ್ಲಿದೆ? ಅವನನ್ನು ಉಳಿಸಿಕೊಂಡಿರುವುದು ಗಂಜಿ, ಮತ್ತು ಸ್ವತಃ ಮಂಡಿನೋವಿನ ಅರವತ್ತೈದರ ಸೊಸೆ. ಚಾಕರಿಗೆ ಸ್ವಿಚ್ಚಿಲ್ಲ.

ಜಪಾನಿನ ಚಿಯೆ ಹಯಕವ 2022ರಲ್ಲಿ ‘ಪ್ಲಾನ್ 75’ ಎಂಬ ಸಿನಿಮಾ ಮಾಡಿದರು. ಎಪ್ಪತ್ತೈದು ದಾಟಿದವರಿಗೆ ಸರ್ಕಾರವೇ ಸಾವಿನ ಸೌಲಭ್ಯ ಕೊಡುವ ಕಥೆ. ಅಂಥದೊಂದು ಯೋಜನೆ 2060ರಲ್ಲಿ ಸಿದ್ದಾಪುರಕ್ಕೂ ಬಂತೆನ್ನಿ. ಕಾರ್ಯಕರ್ತೆ ಫಾರ್ಮ್ ಹಿಡಿದು, ಸಂಕ ದಾಟಿ, ಅಂಗಳಕ್ಕೆ ಬರುತ್ತಾಳೆ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿರುವ ಅಜ್ಜಿ ಮೊದಲು ಆಸ್ರಿಗೆ ಕೊಡುತ್ತಾಳೆ.

‘ಕೊನೆಯ ದಿನ ಯಾವುದು ಅಂತ ಬರೆದುಕೊಳ್ಳಲಿ, ಅಮ್ಮ?’

‘ಕೊನೆಕೊಯ್ಲು ಮುಗೀಲಿ ತಂಗೀ. ಸುಲಿಯಲೆ ಜನ ಇಲ್ಲೆ.’

ಮಗನ ಒಪ್ಪಿಗೆಯೂ ಬೇಕು. ಒಟಿಪಿ ಬೆಂಗಳೂರಿನಲ್ಲಿರುವ ಅವನ ಫೋನಿಗೆ ಹೋಗಿದೆ. ಅಲ್ಲಿ ಅವನಿಗೆ ಚಾಕರಿಯ ಹೊತ್ತು, ಫೋನ್ ಎತ್ತುತ್ತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹೊಸ ಒಟಿಪಿ ಕಳಿಸುತ್ತಾ ಕುಳಿತ ಕಾರ್ಯಕರ್ತೆಯ ಮುಂದೆ ಅಜ್ಜಿ ಇನ್ನೊಂದು ಮೆಟಗತ್ತಿ ತಂದಿಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅವಳೂ ಅರ್ಧ ಬುಟ್ಟಿ ಸುಲಿದಿದ್ದಾಳೆ.