ಬಿದ್ದ ಮರದ ತಲೆ ಯಾವ ಕಡೆಗೆ?

ನವರಾತ್ರಿ ಕಳೆದಿದೆ, ಮನೆಯಲ್ಲಿ ಹೊಸ್ತಿನ ಊಟವೂ ಆಗಿದೆ, ಗದ್ದೆಯ ಭತ್ತ ಹೊಂಬಣ್ಣಕ್ಕೆ ತಿರುಗಿ ನಿಂತಿದೆ. ಚಿತ್ತಾ ಮಳೆ ಮುಗಿದು ಸ್ವಾತಿ ಹಿಡಿಯುವ ಕಾಲ. "ಇನ್ನೆಂತ ಮಳೆ, ನಾಳೆ ಕೊಯ್ಲಿಗೆ ಕೈಹಾಕುವ" ಎಂದು ನೀವು ಹೇಳಿಕೊಳ್ಳುವುದಕ್ಕೂ ಪಡುವಣ ಕಡಲಲ್ಲಿ ಮೋಡ ಕಟ್ಟುವುದಕ್ಕೂ ಸರಿಹೋಗುತ್ತದೆ. ರಾತ್ರಿ ಗಾಳಿ ಏಳುತ್ತದೆ. ಬೆಳಿಗ್ಗೆ ನೋಡಿದರೆ ಕದಿರು ನೆಲ ಕಚ್ಚಿರುತ್ತದೆ. ತೋಟದಲ್ಲಿ ಎರಡು ಅಡಿಕೆ, ಒಂದು ತೆಂಗು ಅಡ್ಡಬಿದ್ದಿರುತ್ತದೆ. ಸಾಸ್ತಾನ, ಕೋಡಿ, ಐರೋಡಿ, ಪಾಂಡೇಶ್ವರ, ಗುಂಡ್ಮಿಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮರ ಬಿದ್ದರೆ ನಾವು ಮಾಡುವ ಮೊದಲ ಕೆಲಸವೇನು? ಕತ್ತಿ, ಕೊಡಲಿ ತಂದು ಕಡಿದು ದಾರಿ ಬಿಡಿಸುವುದು. ಅದು ಆಗಬೇಕಾದ ಕೆಲಸವೇ. ಆದರೆ ಕಡಿಯುವ ಮೊದಲು ಒಂದು ಗಳಿಗೆ ನಿಂತು, ಅದರ ತಲೆ ಯಾವ ಕಡೆಗೆ ಬಿದ್ದಿದೆ ಎಂದು ನೋಡಿದ್ದೀರಾ? ಹಾಗೆ ನೋಡಿದ ಒಬ್ಬ ಜೀನುಗಾರನಿಂದಲೇ ಲೋಕಕ್ಕೆ ಚಂಡಮಾರುತದ ಗುಟ್ಟು ತಿಳಿದುಬಂತು. ಆ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಅದು 1821ನೆಯ ಇಸವಿ, ಸೆಪ್ಟೆಂಬರ್ 3. ಅಮೆರಿಕದ ಕನೆಕ್ಟಿಕಟ್ ಎಂಬ ಸೀಮೆಯ ಮೇಲೆ ದೊಡ್ಡದೊಂದು ಬಿರುಗಾಳಿ ಹಾದುಹೋಯಿತು. ಆ ಊರಲ್ಲಿ ವಿಲಿಯಂ ರೆಡ್‌ಫೀಲ್ಡ್ ಎಂಬಾತ ಇದ್ದ. ಕುದುರೆಯ ಜೀನು ಹೊಲಿಯುವ ಕಸುಬು ಕಲಿತವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಗಾಳಿ ಹೋದ ಮೇಲೆ ಅವನು ಯಾವುದೋ ಕೆಲಸದ ಮೇಲೆ ದೂರದ ಊರಿಗೆ ಹೊರಟ. ತನ್ನ ಊರಿನ ಹತ್ತಿರ ಬಿದ್ದ ಮರಗಳ ತಲೆಯೆಲ್ಲ ವಾಯವ್ಯದ ಕಡೆಗಿತ್ತು. ಸುಮಾರು 70 ಮೈಲಿ ಆಚೆ ಹೋಗಿ ನೋಡುತ್ತಾನೆ, ಅಲ್ಲಿನ ಮರಗಳ ತಲೆ ಆಗ್ನೇಯಕ್ಕೆ! ಅಂದರೆ ನಮ್ಮ ಲೆಕ್ಕದಲ್ಲಿ, ಸಾಸ್ತಾನದಲ್ಲಿ ಒಂದು ದಿಕ್ಕಿಗೆ, ಹೊನ್ನಾವರದಲ್ಲಿ ಅದಕ್ಕೆ ನೇರ ಎದುರು ದಿಕ್ಕಿಗೆ. ಬಿರುಗಾಳಿಯೊ ಒಂದೇ.

ಬೇರೆಯವರಾಗಿದ್ದರೆ "ಗಾಳಿ ಅಂದರೆ ಹಾಗೆಯೇ" ಎಂದು ಮುಂದೆ ಹೋಗುತ್ತಿದ್ದರು. ಈತ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ. ಒಂದೇ ಗಾಳಿ ಎರಡು ಕಡೆ ಎದುರುಬದುರಾಗಿ ಬೀಸಿದೆಯೆಂದರೆ ಅದು ನೆಟ್ಟಗೆ ಹೋಗುವ ಗಾಳಿಯಲ್ಲ. ಬೀಸುಕಲ್ಲಿನ ಹಾಗೆ ಸುತ್ತು ತಿರುಗುತ್ತ, ತಿರುಗುತ್ತಲೇ ಮುಂದಕ್ಕೆ ಹೋಗುವ ಗಾಳಿ. ಹಡಗಿನವರನ್ನು ಕೇಳಿ, ಅವರ ದಿನಚರಿ ಕಲೆಹಾಕಿ, ಹತ್ತು ವರ್ಷ ಬಿಟ್ಟು 1831ರಲ್ಲಿ ಅವನು ಇದನ್ನು ಅಚ್ಚುಮಾಡಿಸಿದ.

ಈ ಮಾತು ಕಡಲು ದಾಟಿ ನಮ್ಮ ದೇಶಕ್ಕೂ ಬಂತು. ಕಲ್ಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬವರಿದ್ದರು. ಮೊದಲು ಹಡಗಿನ ಕಪ್ತಾನರು; ಆಮೇಲೆ ಹಡಗು ಮುಳುಗಿದ ಪ್ರಕರಣಗಳನ್ನು ವಿಚಾರಿಸುವ ನ್ಯಾಯಸಭೆಯ ಅಧ್ಯಕ್ಷರು. ಬಿರುಗಾಳಿಯ ಅಧ್ಯಯನ ಅವರಿಗೆ ಸಂಬಳದ ಕೆಲಸವಲ್ಲ, ಹಂಬಲದ ಕೆಲಸ. ಬಂಗಾಳ ಕೊಲ್ಲಿಯಲ್ಲಿ ಗಾಳಿ ಎದ್ದಿತೆಂದರೆ ಸಾಕು, ಬಂದರಿಗೆ ಬಂದ ಹಡಗುಗಳ ದಿನಚರಿ ತರಿಸುವರು. ಇಂಥ ದಿನ, ಇಂಥ ಗಳಿಗೆ, ಹಡಗು ಎಲ್ಲಿತ್ತು, ಗಾಳಿ ಯಾವ ದಿಕ್ಕಿನಿಂದ ಬಂತು ಎಂಬುದನ್ನೆಲ್ಲ ನಕ್ಷೆಯ ಮೇಲೆ ಗುರುತು ಹಾಕುವರು. ಗುರುತು ಕೂಡಿಸಿದರೆ ಗಾಳಿ ನಡೆದ ದಾರಿ ಕಾಣುವುದು. 1839ರಿಂದ ಹಿಡಿದು ವರ್ಷಗಟ್ಟಲೆ ಒಂದಾದ ಮೇಲೊಂದು ಬಿರುಗಾಳಿಯ ಚರಿತ್ರೆಯನ್ನು ಅವರು ಹೀಗೆ ಬರೆದಿಟ್ಟರು.

ಈಗ ಎಲ್ಲರ ಬಾಯಲ್ಲಿ ಓಡಾಡುವ 'ಸೈಕ್ಲೋನ್' ಎಂಬ ಶಬ್ದವನ್ನು 1848ರ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದವರು ಅವರೇ. ಹಾವು ಸುರುಳಿ ಸುತ್ತಿಕೊಂಡ ಹಾಗೆ ಎಂಬ ಭಾವದ ಗ್ರೀಕ್ ಮಾತಿನಿಂದ ಅದನ್ನು ಆರಿಸಿಕೊಂಡರು. ಆ ಪುಸ್ತಕದ ಜೊತೆಗೆ ಕೊಂಬಿನಿಂದ ಮಾಡಿದ ತೆಳುವಾದ ಪಾರದರ್ಶಕ ಹಾಳೆಗಳೂ ಇದ್ದವು. ಹಾಳೆಯ ಮೇಲೆ ಸುತ್ತುವ ಗಾಳಿಯ ಚಿತ್ರ. ನಾವಿಕ ಅದನ್ನು ತನ್ನ ನಕ್ಷೆಯ ಮೇಲಿಟ್ಟು, ಬಿರುಗಾಳಿಯ ನಡು ಯಾವ ಕಡೆಗಿದೆ, ಹಡಗನ್ನು ಯಾವ ಕಡೆಗೆ ತಿರುಗಿಸಿದರೆ ಜೀವ ಉಳಿಯುತ್ತದೆ ಎಂದು ತಿಳಿದುಕೊಳ್ಳಬಹುದಾಗಿತ್ತು.

ಇನ್ನು ಕಥೆಯ ನೋವಿನ ಭಾಗಕ್ಕೆ ಬರೋಣ. ಕಲ್ಕತ್ತೆಯ ದಕ್ಷಿಣಕ್ಕೆ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಕೆಂದು ಸರಕಾರ ಹೊರಟಿತು. 1853ರಲ್ಲಿ ಪಿಡಿಂಗ್ಟನ್ ಅವರು ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದರು. ಅಲ್ಲಿ ಬಂದರು ಬೇಡ, ಒಂದಲ್ಲ ಒಂದು ದಿನ ಚಂಡಮಾರುತ ಕಡಲನ್ನೇ ಎತ್ತಿ ತಂದು ಊರಿನ ಮೇಲೆ ಸುರಿಯುತ್ತದೆ ಎಂಬುದು ಪತ್ರದ ತಾತ್ಪರ್ಯ. ಕೇಳಿದವರು ಯಾರು? 1858ರಲ್ಲಿ ಅವರು ತೀರಿಕೊಂಡರು. ಕ್ಯಾನಿಂಗ್ ಎಂಬ ಹೆಸರಿನಲ್ಲಿ ಬಂದರು ಎದ್ದಿತು. 1867ರ ನವೆಂಬರ್ ಒಂದರಂದು ಚಂಡಮಾರುತ ಬಂತು, ಕಡಲು ಊರೊಳಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಆ ಬಂದರನ್ನು ಕೈಬಿಟ್ಟರು.

ಅದಕ್ಕೆ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಯ ಮೇಲೆಯೇ ದೊಡ್ಡ ಚಂಡಮಾರುತ ಎರಗಿತ್ತು. ಹೂಗ್ಲಿ ನದಿಯ ಬಾಯಿಂದ ಕಡಲ ನೀರು ಗೋಡೆಯಂತೆ ಏರಿ ಬಂದು ಸಹಸ್ರಾರು ಜನ ನೀರುಪಾಲಾದರು. ಆಮೇಲೆ ಸರಕಾರಕ್ಕೆ ಎಚ್ಚರವಾಯಿತು. ಕಲ್ಕತ್ತೆ ಬಂದರಿನಲ್ಲಿ ಬಿರುಗಾಳಿಯ ಮುನ್ಸೂಚನೆ ಕೊಡುವ ವ್ಯವಸ್ಥೆ ಬಂತು. 1875ರಲ್ಲಿ ದೇಶಕ್ಕೆಲ್ಲ ಒಂದು ಹವಾಮಾನ ಇಲಾಖೆಯಾಯಿತು. ಅದರ ಮೊದಲ ಮುಖ್ಯಸ್ಥರು ಹೆನ್ರಿ ಬ್ಲಾನ್‌ಫರ್ಡ್. ಈ ಹೊತ್ತು ನೀವು ರೇಡಿಯೊದಲ್ಲಿ, ಫೋನಿನಲ್ಲಿ ಕೇಳುವ "ಮೀನುಗಾರರು ಕಡಲಿಗೆ ಇಳಿಯಬಾರದು" ಎಂಬ ಸೂಚನೆಯ ಬೇರು ಅಲ್ಲಿದೆ.

ಹೌದು, ಅದೆಲ್ಲ ಬಂಗಾಳದ ಮಾತಾಯಿತು, ನಮ್ಮ ಪಡುಗಡಲಿಗೂ ಇದಕ್ಕೂ ಎಂತ ಸಂಬಂಧ ಎಂದು ಕೇಳುತ್ತೀರಿ. ಚಂಡಮಾರುತದ ಹೆಚ್ಚಿನ ಹಾವಳಿ ಮೂಡಣ ಕರಾವಳಿಗೇ ಎಂಬುದು ನಿಜ. ಆದರೆ ನಮ್ಮ ಕಡಲು ಸುಮ್ಮನೆ ಕೂತಿಲ್ಲ. 2009ರ ನವೆಂಬರದಲ್ಲಿ ಫಿಯಾನ್ ನಮ್ಮ ಪಶ್ಚಿಮಕ್ಕೆ ಕಡಲಲ್ಲೇ ಬಡಗಿಗೆ ಸಾಗಿ ಮುಂಬಯಿಯ ಹತ್ತಿರ ದಡ ಸೇರಿತು. 2017ರ ನವೆಂಬರ್ ಕೊನೆಗೆ ಓಖಿ ಬಂತು. ಕನ್ಯಾಕುಮಾರಿ, ಕೇರಳದ ಕಡೆ ಬಹುದಿನದ ಮೀನುಗಾರಿಕೆಗೆ ಆಳಕ್ಕೆ ಹೋಗಿದ್ದವರಿಗೆ ಸುದ್ದಿ ಮುಟ್ಟಲಿಲ್ಲ, ನೂರಾರು ಮಂದಿ ಹಿಂತಿರುಗಲಿಲ್ಲ. 2019ರ ಅಕ್ಟೋಬರದಲ್ಲಿ ಕ್ಯಾರ್ ಎದ್ದಿತು. ಅದರ ಬೆನ್ನಿಗೇ ಮಹಾ. ಒಂದೇ ಹೊತ್ತಿಗೆ ಅರಬ್ಬಿ ಕಡಲಲ್ಲಿ ಎರಡು ಚಂಡಮಾರುತ! ಕ್ಯಾರ್ ದಡಕ್ಕೆ ಬಾರದೆ ಒಮಾನಿನ ಕಡೆಗೆ ತಿರುಗಿತಾದರೂ, ಕೊಯ್ಲಿನ ಕಾಲಕ್ಕೆ ನಮ್ಮ ಕರಾವಳಿಗೆ ಮಳೆ ಸುರಿಸಿಯೇ ಹೋಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಉಡುಪಿಯ ಕಡಲತೀರವನ್ನು ಕೊರೆದು, ಮರ, ಮನೆ ಬೀಳಿಸಿ, ಗುಜರಾತಿಗೆ ಹೋಗಿ ಅಪ್ಪಳಿಸಿತು. ಈ ಹೆಸರುಗಳನ್ನು ಸುತ್ತಲಿನ ದೇಶಗಳವರು ಕೊಡುತ್ತಾರೆ. ಬರ್ಮಾದ ಮಾತಿನಲ್ಲಿ ಕ್ಯಾರ್ ಅಂದರೆ ಹುಲಿ, ತೌಕ್ತೆ ಅಂದರೆ ಹಲ್ಲಿಯ ಒಂದು ಜಾತಿ. ಹಲ್ಲಿ ಮಾಡಿದ ಹಾನಿ ನಮ್ಮಲ್ಲಿ ಹುಲಿಯದಕ್ಕಿಂತ ಹೆಚ್ಚಾಯಿತು!

ಈಗ ಮರದ ಮಾತಿಗೆ ಮರಳೋಣ. ನಮ್ಮ ಭಾಗದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಇದರಿಂದ ಒಂದು ಸುಲಭ ಸೂತ್ರ ಹುಟ್ಟಿದೆ. 1857ರಲ್ಲಿ ಬೈಸ್ ಬ್ಯಾಲಟ್ ಎಂಬ ಡಚ್ ವಿದ್ವಾಂಸರು ಹೇಳಿದ್ದು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ನಿಮ್ಮ ಎಡಗೈಯನ್ನು ಚಾಚಿ. ಬಿರುಗಾಳಿಯ ನಡು ಹೆಚ್ಚುಕಡಿಮೆ ಆ ಕಡೆಗಿದೆ.

ನಮ್ಮ ಕಡಲಲ್ಲಿ ಚಂಡಮಾರುತ ತೆಂಕಿನಿಂದ ಬಡಗಿಗೆ ಹಾದುಹೋಗುತ್ತಿದೆ ಎಂದಿಟ್ಟುಕೊಳ್ಳಿ. ಅದು ಇನ್ನೂ ಮಂಗಳೂರಿನ ಆಚೆ ನೈಋತ್ಯದಲ್ಲಿರುವಾಗ ಸಾಸ್ತಾನದಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ಮರ ಬಿದ್ದರೆ ತಲೆ ವಾಯವ್ಯಕ್ಕೆ. ನಮ್ಮ ನೇರ ಪಡುವಣಕ್ಕೆ ಬಂದಾಗ ತೆಂಕಣ ಗಾಳಿ, ತಲೆ ಬಡಗಿಗೆ. ದಾಟಿ ಕಾರವಾರದ ಕಡೆಗೆ ಹೋದಾಗ ನೈಋತ್ಯದ ಗಾಳಿ, ತಲೆ ಈಶಾನ್ಯಕ್ಕೆ. ಗಾಳಿಯ ದಿಕ್ಕು ಹೀಗೆ ಆಗ್ನೇಯ, ತೆಂಕು, ನೈಋತ್ಯ ಎಂದು ತಿರುಗುತ್ತ ಬಂತೆಂದರೆ, ಕಡಲಲ್ಲಿರುವ ಚಂಡಮಾರುತ ನಮ್ಮನ್ನು ದಾಟಿ ಹೋಗುತ್ತಿದೆ ಎಂದು ತಿಳಿಯಬಹುದು. ಆದರೆ ಜೋರಾದ ಗಾಳಿ ತಟ್ಟನೆ ನಿಂತು ನಿಶ್ಶಬ್ದವಾದರೆ ಹೊರಗೆ ಓಡಬೇಡಿ. ಬಿರುಗಾಳಿಯ ಕಣ್ಣು ನೆತ್ತಿಯ ಮೇಲಿದ್ದರೆ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಿನ ಗಾಳಿ ಬರುತ್ತದೆ.

ಎಲ್ಲ ಗಾಳಿಯೂ ಚಂಡಮಾರುತವಲ್ಲ. ಸ್ವಾತಿ, ವಿಶಾಖದ ಸಂಜೆಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಮಳೆ ಇಳಿಯುವಾಗ ಬರುವ ಗಾಳಿಗೆ ಮರದ ತಲೆ ಹೆಚ್ಚಾಗಿ ಕಡಲ ಕಡೆಗೆ ಬೀಳುತ್ತದೆ. ಸುಂಟರಗಾಳಿಯದು ಇನ್ನೊಂದು ಬಗೆ. ಚಂಡಮಾರುತಕ್ಕೆ ನೂರಾರು ಮೈಲಿ ಅಗಲ, ದಿನಗಟ್ಟಲೆ ಆಯುಸ್ಸು. ಸುಂಟರಗಾಳಿಗೆ ಕೆಲವು ಗದ್ದೆಗಳ ಅಗಲ, ಹೆಚ್ಚಾಗಿ ಕೆಲವೇ ನಿಮಿಷದ ಆಯುಸ್ಸು. ಆದರೆ ಹೊಕ್ಕ ಜಾಗದಲ್ಲಿ ಏನನ್ನೂ ಬಿಡದು. ಅದು ಹಾದ ದಾರಿಯಲ್ಲಿ ಮರಗಳು ಒಂದರ ಮೇಲೊಂದು ಅಡ್ಡಾದಿಡ್ಡಿ, ಒಳಮುಖವಾಗಿ ಬಿದ್ದಿರುತ್ತವೆ.

ಈ ವ್ಯತ್ಯಾಸವನ್ನು ತಿಳಿಸಿಕೊಟ್ಟವರು ಜಪಾನಿನಲ್ಲಿ ಹುಟ್ಟಿದ ತೆತ್ಸುಯಾ ಫುಜಿತಾ. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸುಂಟರಗಾಳಿಗಳ ಹಿಂಡೇ ಎದ್ದಾಗ ಅವರು ವಿಮಾನದಿಂದ ಕೆಳಗಿನ ಕಾಡನ್ನು ನೋಡಿದರು. ಕೆಲವು ಕಡೆ ಮರಗಳು ಸುತ್ತು ತಿರುಗಿ ಬಿದ್ದಿರಲಿಲ್ಲ. ಒಂದು ನಡುವಿನಿಂದ ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಬಿದ್ದಿದ್ದವು. ಮೋಡದಿಂದ ತಣ್ಣನೆಯ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ಸುತ್ತಲೂ ಚಿಮ್ಮಿದರೆ ಹಾಗಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಕೊಡದ ನೀರನ್ನು ಅಂಗಳಕ್ಕೆ ಒಮ್ಮೆಲೆ ಸುರಿದಾಗ ನಾಲ್ಕು ಕಡೆಗೂ ಚೆಲ್ಲುವುದಿಲ್ಲವೆ, ಹಾಗೆ. ವಿಮಾನಗಳು ನೆಲಕ್ಕಿಳಿಯುವಾಗ ಏಕೆ ಬೀಳುತ್ತಿದ್ದವೆಂಬ ಒಗಟಿಗೆ ಇದರಿಂದ ಉತ್ತರ ಸಿಕ್ಕಿತು. ನೋಡಿ, ಜೀನುಗಾರನ ಕಾಲದಿಂದ ವಿಮಾನದ ಕಾಲದ ತನಕ ಸಾಕ್ಷಿ ಹೇಳಿದ್ದು ಬಿದ್ದ ಮರವೇ.

ಆದುದರಿಂದ ನಿಮ್ಮಲ್ಲಿ ಒಂದು ವಿನಂತಿ. ಈ ಸಲ ಗಾಳಿ ಬಂದು ಹೋದ ಮೇಲೆ, ಮೊದಲು ವಿದ್ಯುತ್ ತಂತಿ ಕಡಿದು ಬಿದ್ದಿದೆಯೇ ನೋಡಿಕೊಂಡು, ಮರ ಕಡಿಯುವ ಮೊದಲು ಮಕ್ಕಳ ಕೈಗೆ ಒಂದು ನೋಟ್ ಪುಸ್ತಕ ಕೊಡಿ. ದಿನ, ಗಂಟೆ, ಗಾಳಿ ಬಂದ ದಿಕ್ಕು, ಮರದ ತಲೆ ಬಿದ್ದ ದಿಕ್ಕು, ಬಿದ್ದವೆಷ್ಟು, ಬುಡ ಕಿತ್ತದ್ದೋ ನಡು ಮುರಿದದ್ದೋ, ಇಷ್ಟು ಬರೆಯಲಿ. ಒಂದೇ ಮರವನ್ನು ನಂಬಬೇಡಿ. ತೋಡಿನ ಕಡೆಗೆ ವಾಲಿದ ತೆಂಗು ಯಾವ ಗಾಳಿಗೂ ತೋಡಿಗೇ ಬಿದ್ದೀತು. ಹತ್ತು ಮರ ನೋಡಿ, ನೆರೆಮನೆಯವರದನ್ನೂ ಸೇರಿಸಿ. ಸುಳ್ಯದ ಕಡೆ ಕೃಷಿಕರೊಬ್ಬರು ದಶಕಗಳಿಂದ ಮನೆಯಂಗಳದಲ್ಲೇ ದಿನದಿನದ ಮಳೆ ಅಳೆದು ಬರೆದಿಡುತ್ತ ಬಂದಿದ್ದಾರೆ. ಮಳೆಗೆ ಆ ಲೆಕ್ಕ ಇರುವಾಗ ಗಾಳಿಗೆ ಏಕೆ ಬೇಡ? ಹತ್ತು ವರ್ಷ ಬರೆದರೆ, ನಿಮ್ಮ ತೋಟಕ್ಕೆ ಗಾಳಿಯ ಪೆಟ್ಟು ಯಾವ ಮಗ್ಗುಲಿಂದ ಬೀಳುತ್ತದೆ, ಗಾಳಿತಡೆಯ ಮರ ಎಲ್ಲಿ ನೆಡಬೇಕು, ಹುಲ್ಲಿನ ಕುತ್ರೆಯನ್ನು ಎಲ್ಲಿ ಹಾಕಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಇನ್ನೊಂದು ಮಾತು. ನೋಡಿದರೆ ಸಾಲದು, ಹೇಳಿದ್ದನ್ನು ಕೇಳಲೂ ಬೇಕು. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರ ಅಕ್ಟೋಬರ್ 12ರಂದು ಅದೇ ಕರಾವಳಿಗೆ ಫೈಲಿನ್ ಎಂಬ ಭಾರಿ ಗಾಳಿ ಬಂದಾಗ, ಮುನ್ಸೂಚನೆ ಕೇಳಿ ಹತ್ತು ಲಕ್ಷದಷ್ಟು ಜನ ಮೊದಲೇ ಸ್ಥಳ ಬಿಟ್ಟಿದ್ದರು. ಸತ್ತವರ ಲೆಕ್ಕ ನೂರು ಮುಟ್ಟಲಿಲ್ಲ. ಕ್ಯಾನಿಂಗ್ ಬಂದರಿನಲ್ಲಿ ಕೇಳದೆ ಹೋದ ಮಾತನ್ನು ಒಡಿಶಾದ ಹಳ್ಳಿಯವರು ಕೇಳಿ ಉಳಿದುಕೊಂಡರು.

ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲೆರೆದು ಕಡಲಿಗೆ ಇಳಿಯುವ ನಮ್ಮ ಮೀನುಗಾರ ಬಂಧುಗಳಿಗೆ ಕಡಲಿನ ಮರ್ಯಾದೆ ಗೊತ್ತು. ಹುಣ್ಣಿಮೆಯ ತನಕ ಕಾದವರು, ಸ್ವಾತಿಯ ಹೊತ್ತಿನಲ್ಲಿ ಸೂಚನೆ ಬಂದರೆ ಎರಡು ದಿನ ಕಾಯಲಾರರೆ? ಕೊಯ್ದ ಪೈರನ್ನು ಗದ್ದೆಯಲ್ಲೇ ಬಿಟ್ಟವರೂ ಆ ಸೂಚನೆಯನ್ನು ತಮಗೆ ಹೇಳಿದ್ದೆಂದೇ ತಿಳಿಯಲಿ. ಹೊತ್ತು ಮೀರುವ ಮೊದಲು ಸಿವುಡು ಹೊತ್ತು ಅಂಗಳ ಮುಟ್ಟಿಸಲಿ.

ಗಾಳಿಯನ್ನು ನಿಲ್ಲಿಸುವ ಶಕ್ತಿ ನಮಗಿಲ್ಲ. ಅದು ನಡೆದ ದಾರಿಯನ್ನು ಬರೆದಿಡುವುದು, ಬರುವ ಸುದ್ದಿಯನ್ನು ಕೇಳುವುದು ಎರಡೂ ನಮ್ಮ ಕೈಯಲ್ಲುಂಟು. ನಾಳೆ ತೋಟದಲ್ಲಿ ಮರ ಬಿದ್ದರೆ ಕೊಡಲಿ ಎತ್ತುವ ಮುಂಚೆ ಒಂದು ಗಳಿಗೆ ನಿಂತು ನೋಡಿ: ತಲೆ ಯಾವ ಕಡೆಗೆ?